ಹಿತ್ತಿಲಲ್ಲಿ ಸಾವಯವ ತರಕಾರಿ: ಏಕೆ? ಹೇಗೆ?

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ರೈತ ಕುಟುಂಬಗಳಿಗಾಗಿ)



ನಮ್ಮ ಕರಾವಳಿಯ ಅಂಗಡಿಗಳಿಗೆ ಬರುವ ತರಕಾರಿಯ ದೊಡ್ಡ ಪಾಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದು ಬರುತ್ತದೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಕಟ್ಟಿದರೆ ಬೆಂಡೆ, ಬದನೆಗಳ ಬೆಲೆ ಏರುತ್ತದೆ. ಬೆಲೆ ಏರಿದರೂ ಕೊಳ್ಳಲೇಬೇಕು. ಕೊಂಡು ತಂದ ಕಾಯಿಗೆ ಯಾವ ಔಷಧ ಹೊಡೆದಿದ್ದರು, ಕೊಯ್ಯುವುದಕ್ಕೆ ಎಷ್ಟು ದಿನ ಮೊದಲು ಹೊಡೆದಿದ್ದರು ಎಂಬುದು ಮಾತ್ರ ಕೊಂಡವರಿಗೆ ತಿಳಿಯುವುದಿಲ್ಲ.

ಮನೆಯ ಹಿಂದೆ ನಾಲ್ಕೈದು ಸೆಂಟ್ಸ್ ಜಾಗ, ಒಂದು ಬಾವಿ, ಒಂದಿಷ್ಟು ಸಗಣಿ ಮತ್ತು ಹಾಡಿಯ ಸೊಪ್ಪು ಇರುವ ನಮಗೆ ಈ ಅವಸ್ಥೆ ಏಕೆ? ಹಿತ್ತಿಲ ಗಿಡ ಮದ್ದಲ್ಲ ಎಂದು ಗಾದೆ ಹೇಳುತ್ತದೆ. ಹಿತ್ತಿಲನ್ನು ನಾವು ಅಲಕ್ಷ್ಯ ಮಾಡುತ್ತೇವೆ ಎಂಬುದೇ ಈ ಗಾದೆಯ ಅರ್ಥ. ಈ ಪಾಠದಲ್ಲಿ, ನಮ್ಮ ಮಣ್ಣು ಮತ್ತು ನಮ್ಮ ಮಳೆಗೆ ಹೊಂದುವಂತೆ, ವಿಷದ ಔಷಧ ಮತ್ತು ರಾಸಾಯನಿಕ ಗೊಬ್ಬರ ಇಲ್ಲದೆ ವರ್ಷವಿಡೀ ಮನೆಗೆ ಬೇಕಾದ ತರಕಾರಿ ಬೆಳೆಯುವ ಬಗೆಯನ್ನು ವಿವರಿಸಲಾಗಿದೆ.

1. ಒಂದು ಮನೆಗೆ ಎಷ್ಟು ತರಕಾರಿ ಬೇಕು?

ಆರೋಗ್ಯವಂತ ವಯಸ್ಕರೊಬ್ಬರು ದಿನಕ್ಕೆ ಕನಿಷ್ಠ 300 ಗ್ರಾಂ ತರಕಾರಿ ತಿನ್ನಬೇಕೆಂದು ಆಹಾರ ತಜ್ಞರು ಹೇಳುತ್ತಾರೆ. ಇದರಲ್ಲಿ ಸ್ವಲ್ಪ ಸೊಪ್ಪು, ಸ್ವಲ್ಪ ಗಡ್ಡೆ, ಉಳಿದದ್ದು ಕಾಯಿ ಇರಬೇಕು. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೊ, ತಿಂಗಳಿಗೆ 45 ಕಿಲೊ, ವರ್ಷಕ್ಕೆ ಸುಮಾರು 550 ಕಿಲೊ ಆಯಿತು. ನಿಮ್ಮ ಮನೆಯಲ್ಲಿ ಇಷ್ಟು ಬಳಕೆ ಇದೆಯೇ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಅನ್ನ, ಮೀನು ಅಥವಾ ತೆಂಗಿನಕಾಯಿಯ ಸಾರು, ಒಂದು ಉಪ್ಪಿನಕಾಯಿ ಇಷ್ಟರಲ್ಲೇ ಊಟ ಮುಗಿಯುವ ಮನೆಗಳು ಇನ್ನೂ ಇವೆ. ಹೆಂಗಸರಲ್ಲಿ, ಮಕ್ಕಳಲ್ಲಿ ರಕ್ತಹೀನತೆ ಇರುವ ಮನೆಯಲ್ಲಿ ಬಸಳೆ, ಹರಿವೆ, ನುಗ್ಗೆಸೊಪ್ಪು ವಾರಕ್ಕೆ ಒಂದು ದಿನ ಬಂದರೆ ಸಾಲದು.

ಐದು ಸೆಂಟ್ಸ್, ಅಂದರೆ ಸುಮಾರು 200 ಚದರ ಮೀಟರ್ ಜಾಗವನ್ನು ಕ್ರಮವಾಗಿ ಬಳಸಿದರೆ ಈ ಅಗತ್ಯದ ಬಹುಭಾಗವನ್ನು ಪೂರೈಸಬಹುದು. ಅಷ್ಟು ಜಾಗವಿಲ್ಲದವರು ಒಂದು ಸೆಂಟ್ಸಿನಲ್ಲಿ ಸೊಪ್ಪು, ಬಸಳೆ, ತೊಂಡೆ ಮಾತ್ರ ಮಾಡಿದರೂ ಲಾಭವೇ.

2. ಸಾವಯವವೇ ಏಕೆ?

ಮೊದಲ ಕಾರಣ ನಮ್ಮ ಮಳೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಒಳನಾಡಿನ ಮುರಕಲ್ಲಿನ ಮಣ್ಣಾಗಲಿ, ಕಡಲ ಬದಿಯ ಹೊಯಿಗೆ ಮಣ್ಣಾಗಲಿ ಸಾರವನ್ನು ಹಿಡಿದಿಡುವ ಶಕ್ತಿ ಕಡಿಮೆ ಇರುವಂಥವು. ಇಂದು ಹಾಕಿದ ಯೂರಿಯ ನಾಳೆಯ ಮಳೆಗೆ ಕರಗಿ ತೋಡು ಸೇರುತ್ತದೆ. ಮಣ್ಣಿನಲ್ಲಿ ಕೊಳೆತ ಸೊಪ್ಪು, ಸಗಣಿಗಳ ಅಂಶ ಇದ್ದರೆ ಅದು ನೀರನ್ನೂ ಸಾರವನ್ನೂ ಹಿಡಿದಿಟ್ಟು ಗಿಡಕ್ಕೆ ಮೆಲ್ಲನೆ ಬಿಟ್ಟುಕೊಡುತ್ತದೆ. ನೂರು ಕಿಲೊ ಹಟ್ಟಿಗೊಬ್ಬರದಲ್ಲಿ ಇರುವ ಸಾರಜನಕ ಸುಮಾರು ಅರ್ಧ ಕಿಲೊ ಮಾತ್ರ. ಒಂದು ಕಿಲೊ ಯೂರಿಯದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಯೂರಿಯ ಮಣ್ಣನ್ನು ಕಟ್ಟುವುದಿಲ್ಲ, ಹಟ್ಟಿಗೊಬ್ಬರ ಕಟ್ಟುತ್ತದೆ. ನಮ್ಮ ಸೀಮೆಯಲ್ಲಿ ಇದೇ ದೊಡ್ಡ ವ್ಯತ್ಯಾಸ.

ಎರಡನೆಯ ಕಾರಣ ವಿಷ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಆ ಕಾಲದ ಗ್ರಾಮಸೇವಕರು ಕಾಂಪೋಸ್ಟ್ ಗುಂಡಿ ತೋಡುವುದನ್ನು ಕಲಿಸಿದರು, ಡಿ.ಡಿ.ಟಿ., ಬಿ.ಎಚ್.ಸಿ. ಪುಡಿ ಎರಚುವುದನ್ನೂ ಕಲಿಸಿದರು. ಅಂದಿನ ತಿಳಿವಳಿಕೆ ಅಷ್ಟಿತ್ತು. ಮುಂದೆ ಏನಾಯಿತು? ಬೇಸಾಯದಲ್ಲಿ ಡಿ.ಡಿ.ಟಿ. ಬಳಸುವುದನ್ನು ಸರಕಾರ 1989ರಲ್ಲಿ ನಿಲ್ಲಿಸಿತು. ಬಿ.ಎಚ್.ಸಿ.ಯನ್ನು 1997ರಲ್ಲಿ ನಿಷೇಧಿಸಿತು. ನಮ್ಮ ನೆರೆಯ ಕಾಸರಗೋಡಿನ ಗೇರು ತೋಟಗಳಿಗೆ ಎಂಡೋಸಲ್ಫಾನನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಎಣ್ಮಕಜೆ ಮುಂತಾದ ಗ್ರಾಮಗಳ ಕನ್ನಡ, ತುಳು, ಮಲೆಯಾಳ ಮಾತಾಡುವ ಬಡ ಮನೆಗಳು ಅನುಭವಿಸಿದ ಸಂಕಟ ದೇಶಕ್ಕೆಲ್ಲ ತಿಳಿಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಒಂದು ಕಾಲದಲ್ಲಿ ಹಾನಿಯಿಲ್ಲವೆಂದು ಮಾರಿದ ಔಷಧವನ್ನು ಮತ್ತೊಂದು ಕಾಲದಲ್ಲಿ ನಿಷೇಧಿಸಬೇಕಾಯಿತು. ಆದ್ದರಿಂದ ಬಾವಿಯ ಪಕ್ಕದಲ್ಲಿ, ಮಕ್ಕಳು ಆಡುವ ಅಂಗಳದ ಬದಿಯಲ್ಲಿ ಬೆಳೆಯುವ ತರಕಾರಿಗೆ ಅಂತಹ ಔಷಧ ಹೊಡೆಯದಿರುವುದೇ ಜಾಣತನ.

ಮೂರನೆಯದು ತಾಜಾತನ. ಸೊಪ್ಪನ್ನು ಕೊಯ್ದು ಹೊತ್ತು ಕಳೆದಂತೆ ಅದರ ‘ಸಿ’ ಜೀವಸತ್ವ ಇಳಿಯುತ್ತ ಹೋಗುತ್ತದೆ. ಒಲೆಯ ಮೇಲೆ ನೀರಿಟ್ಟು ಹಿತ್ತಿಲಿಗೆ ಹೋಗಿ ಕೊಯ್ದು ತಂದ ಹರಿವೆಗೂ ಎರಡು ದಿನ ಗೋಣಿಯಲ್ಲಿ ಬಾಡಿದ ಹರಿವೆಗೂ ಬಹಳ ಅಂತರವಿದೆ.

ಆದರೆ ಇಲ್ಲದ ಗುಣವನ್ನು ಹೇಳಬಾರದು. ಸಾವಯವ ತರಕಾರಿ ತಿಂದವರಿಗೆ ಯಾವ ಕಾಯಿಲೆಯೂ ಬರುವುದಿಲ್ಲ ಎನ್ನುವುದು ಸರಿಯಲ್ಲ. ಮೊದಲ ಒಂದೆರಡು ವರ್ಷ ಇಳುವರಿ ಸ್ವಲ್ಪ ಕಡಿಮೆ ಬರಬಹುದು. ಕಳಿಯದ ಹಸಿ ಸಗಣಿಯನ್ನು ಸೊಪ್ಪಿನ ಮೇಲೆ ಹೊಯ್ದರೆ ಹೊಟ್ಟೆಗೆ ಹುಳ, ರೋಗಾಣು ಸೇರಬಹುದು. ಗೊಬ್ಬರವನ್ನು ಚೆನ್ನಾಗಿ ಕಳಿಸಿಯೇ ಹಾಕಬೇಕು. ಹಸಿಯಾಗಿ ತಿನ್ನುವ ಮುಳ್ಳುಸೌತೆ, ಮೂಲಂಗಿಗಳನ್ನು ತೊಳೆದೇ ತಿನ್ನಬೇಕು.

3. ಮಣ್ಣಿನ ಸಿದ್ಧತೆ

ನಮ್ಮ ಹೆಚ್ಚಿನ ಮಣ್ಣು ಹುಳಿ ಮಣ್ಣು. ಮಳೆಯ ನೀರು ಮಣ್ಣಿನ ಸುಣ್ಣವನ್ನು ತೊಳೆದುಕೊಂಡು ಹೋಗುವುದೇ ಇದಕ್ಕೆ ಕಾರಣ. ಹುಳಿ ಹೆಚ್ಚಾದ ಮಣ್ಣಿನಲ್ಲಿ ಎಷ್ಟು ಗೊಬ್ಬರ ಹಾಕಿದರೂ ಗಿಡಕ್ಕೆ ಪೂರ್ತಿ ಸಿಗುವುದಿಲ್ಲ. ಬಿತ್ತುವುದಕ್ಕೆ 15 ದಿನ ಮೊದಲು ಸೆಂಟ್ಸಿಗೆ 2 ಕಿಲೊ ಪ್ರಕಾರ ಪುಡಿ ಸುಣ್ಣವನ್ನು ಎರಚಿ ಮಣ್ಣಿನಲ್ಲಿ ಬೆರೆಸಿ. ಕಡಲ ಬದಿಯವರಿಗೆ ಚಿಪ್ಪಿನ ಸುಣ್ಣ ಸಿಕ್ಕಿದರೆ ಅದೂ ಆಗುತ್ತದೆ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕಬೇಡಿ. ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣದ ಪ್ರಮಾಣ ನಿಶ್ಚಯಿಸುವುದು ಇನ್ನೂ ಒಳ್ಳೆಯದು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಮಳೆಗಾಲದ ಬೆಳೆಗೆ ಮುಕ್ಕಾಲು ಅಥವಾ ಒಂದು ಅಡಿ ಎತ್ತರದ ಏರಿ ಮಾಡಿ, ನೀರು ಹರಿದುಹೋಗಲು ನಡುವೆ ಕಾಲುವೆ ಬಿಡಿ. ಬೇಸಿಗೆಯ ಬೆಳೆಗೆ ಇದಕ್ಕೆ ವಿರುದ್ಧ: ಪಾತಿಯನ್ನು ತಗ್ಗಿನಲ್ಲಿ ಮಾಡಿ ಬುಡಕ್ಕೆ ತರಗೆಲೆ ಮುಚ್ಚಿ. ಮುಚ್ಚಿಗೆ ಇದ್ದರೆ ದಿನಾ ನೀರು ಹೊರುವ ಕೆಲಸ ಅರ್ಧದಷ್ಟು ಉಳಿಯುತ್ತದೆ.

4. ಗೊಬ್ಬರ ಎಲ್ಲಿಂದ?

ತರಕಾರಿಗೆ ಬೆಳೆಯೊಂದಕ್ಕೆ ಸೆಂಟ್ಸಿಗೆ 100 ಕಿಲೊ ಕಳಿತ ಗೊಬ್ಬರ ಬೇಕು. ಹಟ್ಟಿಗೆ ಸೊಪ್ಪು, ತರಗೆಲೆ ಹಾಸುವ ಪದ್ಧತಿಯನ್ನು ಬಿಡದ ಮನೆಯಲ್ಲಿ ಒಂದೆರಡು ದನಗಳಿದ್ದರೆ ಐದು ಸೆಂಟ್ಸಿಗೆ ವರ್ಷಕ್ಕೆ ಸಾಕಾಗುವಷ್ಟು ಗೊಬ್ಬರ ಆಗುತ್ತದೆ.

ಕಾಂಪೋಸ್ಟ್ ಹೊಸ ವಿಷಯವಲ್ಲ. ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿ ಪ್ರಯೋಗ ನಡೆಸಿ ‘ಇಂದೋರ್ ಪದ್ಧತಿ’ಯನ್ನು ರೂಪಿಸಿದರು. 1939ರಲ್ಲಿ ಡಾ. ಸಿ. ಎನ್. ಆಚಾರ್ಯರು ಬೆಂಗಳೂರಿನಲ್ಲಿ ರೂಪಿಸಿದ ಕ್ರಮ ‘ಬೆಂಗಳೂರು ಪದ್ಧತಿ’ ಎಂದು ಹೆಸರಾಯಿತು. ಅದರಲ್ಲಿ ಗುಂಡಿಯಲ್ಲಿ ಕಸ, ಸಗಣಿಗಳನ್ನು ಪದರ ಪದರವಾಗಿ ತುಂಬಿ ಮೇಲೆ ಕೆಸರು ಮೆತ್ತಿ ಬಿಡುತ್ತಾರೆ. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಆದರೆ ಗಮನಿಸಿ: ಬಯಲುಸೀಮೆಯ ಗುಂಡಿಯನ್ನು ಹಾಗೆಯೇ ಇಲ್ಲಿ ತೋಡಿದರೆ ಜೂನ್ ತಿಂಗಳಲ್ಲಿ ಅದು ಕೆರೆಯಾಗುತ್ತದೆ. ನಮ್ಮಲ್ಲಿ ನೆಲದ ಮೇಲೆ ನಾಲ್ಕಡಿ ಅಗಲ, ಮೂರಡಿ ಎತ್ತರದ ರಾಶಿ ಮಾಡಿ, ತೆಂಗಿನ ಮಡಲಿನ ಅಥವಾ ತಗಡಿನ ಮಾಡು ಹಾಕುವುದೇ ಸರಿ.

ರಾಶಿ ಹಾಕುವ ಕ್ರಮ: ಅರ್ಧ ಅಡಿ ತರಗೆಲೆ, ಅದರ ಮೇಲೆ ನಾಲ್ಕು ಬೆರಳು ಹಸಿರು ಸೊಪ್ಪು, ಅದರ ಮೇಲೆ ಸಗಣಿ ನೀರು, ಒಂದು ಹಿಡಿ ಬೂದಿ, ತೆಳ್ಳಗೆ ಮಣ್ಣು. ಹೀಗೆ ಪದರ ಏರಿಸಿ. ಹಿಂಡಿದರೆ ಅಂಗೈ ಒದ್ದೆಯಾಗುವಷ್ಟು ತೇವ ಸಾಕು. ತಿಂಗಳಿಗೊಮ್ಮೆ ಮಗುಚಿ ಹಾಕಿದರೆ ಮೂರು ನಾಲ್ಕು ತಿಂಗಳಲ್ಲಿ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ಗೇರು ಮತ್ತು ಅಕೇಶಿಯ ಎಲೆ ಬೇಗ ಕಳಿಯುವುದಿಲ್ಲ. ಅವನ್ನು ರಾಶಿಗೆ ಕಡಿಮೆ ಹಾಕಿ, ಬುಡದ ಮುಚ್ಚಿಗೆಗೆ ಬಳಸಿ.

ದನ ಇಲ್ಲದವರು ಏನು ಮಾಡಬೇಕು? ಇಂದು ಅನೇಕ ಮನೆಗಳ ಹಟ್ಟಿ ಬರಿದಾಗಿದೆ. ಅಂಥವರು ಹಿತ್ತಿಲ ಬೇಲಿಗೆ ಗ್ಲಿರಿಸಿಡಿಯ ಗೂಟ ನೆಡಲಿ. ಮಳೆಯ ಆರಂಭದಲ್ಲಿ ನೆಟ್ಟ ಗೂಟ ಸುಲಭವಾಗಿ ಬೇರು ಬಿಡುತ್ತದೆ. ಮರುವರ್ಷದಿಂದ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕಡಿಯಬಹುದು. ಈ ಸೊಪ್ಪಿನಲ್ಲಿ ಸಾರಜನಕ ಚೆನ್ನಾಗಿದೆ, ಬೇಗ ಕಳಿಯುತ್ತದೆ. ನೆರೆಮನೆಯ ಸಗಣಿ ಎರಡು ಬುಟ್ಟಿ ತಂದು ರಾಶಿಗೆ ಹೆಪ್ಪಿನಂತೆ ಬಳಸಿದರೂ ಸಾಕು. ಅಡುಗೆಮನೆಯ ಸಿಪ್ಪೆ, ಬಾಳೆಯ ದಿಂಡು, ಅಂಗಳ ಗುಡಿಸಿದ ಕಸ ಎಲ್ಲವೂ ರಾಶಿಗೆ ಸೇರಲಿ. ಪ್ಲಾಸ್ಟಿಕ್ ಮಾತ್ರ ಬೇಡ.

ಮೀನು ತಿನ್ನುವ ಮನೆಗಳವರು ಮೀನಿನ ತಲೆ, ಕರುಳುಗಳನ್ನು ಎಸೆಯಬೇಕಾಗಿಲ್ಲ. ಹಸಿ ಮೀನಿನ ತ್ಯಾಜ್ಯ ಒಂದು ಕಿಲೊ, ಬೆಲ್ಲ ಒಂದು ಕಿಲೊ ಬೆರೆಸಿ ಮುಚ್ಚಳವಿರುವ ಭರಣಿಯಲ್ಲಿ 25-30 ದಿನ ಇಟ್ಟರೆ ದ್ರವ ಗೊಬ್ಬರ ಆಗುತ್ತದೆ. ಲೀಟರ್ ನೀರಿಗೆ 5 ಮಿಲಿಲೀಟರ್ ಬೆರೆಸಿ ಹತ್ತು ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹೊಯ್ಯಿರಿ. ಉಪ್ಪು ಹಾಕಿ ಒಣಗಿಸಿದ ಮೀನನ್ನು ತರಕಾರಿಗೆ ಬಳಸಬೇಡಿ. ಉಪ್ಪು ಗಿಡಕ್ಕೆ ಕೇಡು.

ಸುಡುಮಣ್ಣಿನ ವಿಷಯ ಒಂದು ಮಾತು. ತರಗೆಲೆ, ಮಣ್ಣು ಒಟ್ಟಿ ಸುಟ್ಟು ಹಾಕುವುದು ನಮ್ಮ ಹಿರಿಯರ ಕ್ರಮ. ಅದರಿಂದ ಪೊಟ್ಯಾಷ್ ಸಿಗುವುದು, ಹುಳಿ ತಗ್ಗುವುದು ನಿಜ. ಆದರೆ ಸುಟ್ಟಾಗ ಸಾರಜನಕ ಹೊಗೆಯಾಗಿ ಹೋಗುತ್ತದೆ. ಆದ್ದರಿಂದ ಒಲೆಯ ಬೂದಿಯನ್ನು ಬಳಸಿ. ಸುಡುವ ತರಗೆಲೆಯನ್ನು ಕಳಿಸಿ.

5. ಮೂರು ಕಾಲ, ಮೂರು ಬೆಳೆ

ಮಳೆಗಾಲ: ಮೇ ಕೊನೆಯಲ್ಲಿ, ಮೊದಲ ಮಳೆ ಬಿದ್ದ ಕೂಡಲೆ ಬೆಂಡೆ, ಹೀರೆ, ಪಡವಲ, ಹಾಗಲ, ಮುಳ್ಳುಸೌತೆ, ಅಲಸಂಡೆ ಬಿತ್ತಿ. ಭಾರಿ ಮಳೆ ಹಿಡಿಯುವ ಮೊದಲೇ ಸಸಿ ಗಟ್ಟಿಯಾಗಬೇಕು. ಬೆಂಡೆಗೆ ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ. ಬಳ್ಳಿಗಳಿಗೆ ಆರಡಿ ಅಂತರದಲ್ಲಿ ಗುಡ್ಡೆ ಮಾಡಿ, ಗುಡ್ಡೆಗೆ ಮೂರು ಬೀಜ. ಕೆಸು, ಸುವರ್ಣಗಡ್ಡೆಗಳನ್ನೂ ಈಗಲೇ ನೆಡಬೇಕು. ಆಸಾಡಿಯ ತಿಂಗಳು ಹಿಂದೆ ನಮ್ಮ ಸೀಮೆಯಲ್ಲಿ ಕಷ್ಟದ ತಿಂಗಳು. ಕೆಸುವಿನ ಎಲೆ, ಹಲಸಿನ ಬೀಜ, ತಗಟೆ ಸೊಪ್ಪಿನಲ್ಲೇ ದಿನ ತಳ್ಳುತ್ತಿದ್ದರು. ಮೇ ತಿಂಗಳಲ್ಲಿ ಬಿತ್ತಿದ ಮನೆಗೆ ಆಸಾಡಿ ಮುಗಿಯುವುದರೊಳಗೆ ಬೆಂಡೆ, ಮುಳ್ಳುಸೌತೆ ಕೈಗೆ ಬರುತ್ತವೆ. ಚೌತಿ ಹಬ್ಬಕ್ಕೆ ಹೀರೆ, ಪಡವಲ, ಅಲಸಂಡೆಗಳನ್ನು ಅಂಗಡಿಯಿಂದ ತರಬೇಕಾಗಿಲ್ಲ.

ಮಳೆ ಬಿಟ್ಟ ಮೇಲೆ: ನವರಾತ್ರಿಯಿಂದ ದೀಪಾವಳಿಯೊಳಗೆ ಬದನೆ, ಮೆಣಸು, ಟೊಮೇಟೊ ಸಸಿ ನೆಟ್ಟು, ಹರಿವೆ, ಮೂಲಂಗಿ ಬಿತ್ತಿ. ಇದೇ ನಮ್ಮ ಸೀಮೆಯ ತರಕಾರಿಗೆ ಉತ್ತಮ ಕಾಲ. ಕಾರ್ತಿ ಬೆಳೆ ಕೊಯ್ದ ಮಜಲು ಗದ್ದೆಯ ಒಂದು ಮೂಲೆಯನ್ನು ಇದಕ್ಕೆ ಬಿಡಿ. ನೀರು ನಿಂತು ಭತ್ತ ಬೆಳೆದ ಗದ್ದೆಯಲ್ಲಿ ಬದನೆಯ ಸೊರಗು ರೋಗದ ಕಾಟ ಕಡಿಮೆ. ಹರಿವೆಯನ್ನು ಒಂದೇ ಸಲ ಬಿತ್ತದೆ, ಹದಿನೈದು ದಿನಕ್ಕೊಮ್ಮೆ ಒಂದೊಂದು ಪಾತಿ ಬಿತ್ತಿ. ಬಿತ್ತಿದ 25-30 ದಿನಕ್ಕೆ ಕೊಯ್ಲಾಗುವುದರಿಂದ ಮನೆಯಲ್ಲಿ ಸೊಪ್ಪು ತಪ್ಪುವುದಿಲ್ಲ.

ಬೇಸಿಗೆ: ಜನವರಿಯಲ್ಲಿ ಬಣ್ಣದ ಸೌತೆ, ಚೀನಿಕಾಯಿ, ಬೂದುಗುಂಬಳ ಬಿತ್ತಿ. ಇವು ಹೊಯಿಗೆ ಮಣ್ಣಿಗೂ ಒಗ್ಗುತ್ತವೆ. ಬಲಿತ ಬಣ್ಣದ ಸೌತೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿನ ಪಕಾಸಿಗೆ ನೇತುಹಾಕುವುದು, ಕುಂಬಳವನ್ನು ಅಟ್ಟದಲ್ಲಿಡುವುದು ನಮ್ಮ ಅಜ್ಜಿಯರು ತೋರಿಸಿಕೊಟ್ಟ ಕಣಜ. ಮಳೆಗಾಲದ ನಡುವಿನವರೆಗೂ ಅದು ಸಾರಿಗೆ ಒದಗುತ್ತದೆ. ಹೊಳೆಯ ಉಪ್ಪುನೀರು ಏರಿ ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ಊರಿನವರು ಡಿಸೆಂಬರಿನಲ್ಲೇ ಬಿತ್ತಿ, ನೀರು ಕೆಡುವ ಮೊದಲೇ ಬೆಳೆ ಮುಗಿಸಬೇಕು.

ಇವಲ್ಲದೆ ವರ್ಷವಿಡೀ ನಿಲ್ಲುವ ಗಿಡಗಳು ಬೇಕು: ಒಂದು ನುಗ್ಗೆ, ಒಂದು ಬೇವಿನಸೊಪ್ಪಿನ ಗಿಡ, ಒಂದು ತೊಂಡೆ ಚಪ್ಪರ, ಒಂದು ಬಸಳೆ ಚಪ್ಪರ. ಬಸಳೆಯನ್ನು ಬಚ್ಚಲ ನೀರು ಹರಿಯುವಲ್ಲಿ ನೆಡುವುದು ರೂಢಿ. ಬಟ್ಟೆ ಒಗೆದ ಸೋಪಿನ ನೀರು ನೇರವಾಗಿ ಬುಡಕ್ಕೆ ಬೀಳದಂತೆ, ಹೊಯಿಗೆ ತುಂಬಿದ ಸಣ್ಣ ಗುಂಡಿಯ ಮೂಲಕ ಹಾಯಿಸಿ.

6. ಕೀಟ ಮತ್ತು ರೋಗ

ಹಣ್ಣುನೊಣ: ಹಾಗಲ, ಹೀರೆ, ಸೌತೆಗಳ ಮೊದಲ ಶತ್ರು ಇದು. ಮಿಡಿಯಲ್ಲೇ ಚುಚ್ಚಿ ಮೊಟ್ಟೆ ಇಡುತ್ತದೆ. ಒಳಗೆ ಹುಳವಾಗಿ ಕಾಯಿ ಕೊಳೆಯುತ್ತದೆ. ಹೂ ಉದುರಿ ಮಿಡಿ ಬೆಳೆಯುವಾಗಲೇ ಕಾಗದದ ಚೀಲ ಕಟ್ಟಿ. ಬಿದ್ದ ಕಾಯಿಗಳನ್ನು ಅಲ್ಲೇ ಬಿಡದೆ ಒಂದೂವರೆ ಅಡಿ ಆಳದಲ್ಲಿ ಹೂಳಿ. ಗಂಡು ನೊಣವನ್ನು ಸೆಳೆಯುವ ಮೋಹಕ ಬಲೆಯನ್ನೂ ಕಟ್ಟಬಹುದು. ಒಂದೇ ಮನೆಯವರು ಕಟ್ಟಿದರೆ ಫಲ ಕಡಿಮೆ. ಕೇರಿಯವರೆಲ್ಲ ಕೂಡಿ ಕಟ್ಟಿ.

ಬದನೆಯ ಕುಡಿಕೊರಕ: ಬಾಡಿದ ಕುಡಿಯನ್ನು ಕಂಡ ದಿನವೇ ಚಿವುಟಿ ಸುಡಿ. ಹುಳ ಅದರೊಳಗೇ ಇರುತ್ತದೆ. ವಾರಕ್ಕೆ ಎರಡು ಸಲ ಹತ್ತು ನಿಮಿಷ ನೋಡಿದರೆ ಸಾಕು.

ಅಲಸಂಡೆಯ ಹೇನು: ಬೆಳಗಿನ ಇಬ್ಬನಿ ಇರುವಾಗ ಜರಡಿ ಹಿಡಿದ ಬೂದಿ ಎರಚಿ. ಹೆಚ್ಚಾದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಸ್ವಲ್ಪ ಸೋಪು ಕದಡಿ ಸಂಜೆ ಹೊತ್ತು ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿ.

ಬೆಂಡೆಯ ಹಳದಿ ರೋಗ: ಎಲೆಯ ನರ ಹಳದಿಯಾದ ಗಿಡಕ್ಕೆ ಮದ್ದಿಲ್ಲ. ಬಿಳಿನೊಣ ಅದನ್ನು ಹರಡುವ ಮೊದಲೇ ಕಿತ್ತು ಸುಡಿ.

ಸೊರಗು ರೋಗ: ನಿನ್ನೆ ಹಸಿರಾಗಿದ್ದ ಬದನೆ, ಟೊಮೇಟೊ ಇಂದು ಒಮ್ಮೆಲೇ ಬಾಡಿದರೆ ಇದೇ ರೋಗ. ಗಿಡವನ್ನು ಬೇರು ಸಹಿತ ಕಿತ್ತು, ಆ ಜಾಗದಲ್ಲಿ ಮೂರು ವರ್ಷ ಬದನೆ, ಟೊಮೇಟೊ, ಮೆಣಸು ಬೇಡ. ಬೆಂಡೆ, ಅಲಸಂಡೆ, ಹರಿವೆ ಬೆಳೆಯಿರಿ.

ಬಸವನಹುಳ: ಮಳೆಗಾಲದಲ್ಲಿ ದೊಡ್ಡ ಬಸವನಹುಳಗಳು ಸಸಿಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿನ ಬಾಲ್ದಿಗೆ ಹಾಕಿ. ಬರಿಗೈಯಿಂದ ಮುಟ್ಟಬೇಡಿ, ಅವುಗಳಿಂದ ರೋಗ ಹರಡಬಹುದು.

7. ಬೀಜ ಕೈಬಿಡಬೇಡಿ

ನಮ್ಮದೇ ಉಡುಪಿ ಜಿಲ್ಲೆಯಲ್ಲಿ ಕಟಪಾಡಿಯ ಬಳಿ ಮಟ್ಟು ಎಂಬ ಊರಿದೆ. ಅಲ್ಲಿನ ಗುಳ್ಳದ ಬೀಜವನ್ನು ಶ್ರೀ ವಾದಿರಾಜ ಸ್ವಾಮಿಗಳು ಕೊಟ್ಟರೆಂದು ಐತಿಹ್ಯ ಹೇಳುತ್ತದೆ. ತಲೆಮಾರುಗಳಿಂದ ರೈತರು ಅದೇ ಬೀಜವನ್ನು ಆರಿಸಿ ಕಾಪಾಡಿಕೊಂಡು ಬಂದರು. 2011ರಲ್ಲಿ ಉಡುಪಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತು ದೊರೆಯಿತು. ರೈತರು ಒಂದೆರಡು ವರ್ಷ ಬೀಜ ಎತ್ತಿಡುವುದನ್ನು ಮರೆತಿದ್ದರೆ ಗುಳ್ಳವೂ ಇಲ್ಲ, ಗುರುತೂ ಇಲ್ಲ.

ನಿಮ್ಮ ಊರಿನಲ್ಲಿಯೂ ಒಬ್ಬ ಅಜ್ಜಿಯ ಬಳಿ ಎಂಟು ಏಣಿನ ಬಿಳಿ ಬೆಂಡೆ, ಉದ್ದ ಅಲಸಂಡೆ, ಕೆಂಪು ಹರಿವೆಯ ಬೀಜ ಇರಬಹುದು. ಕೇಳಿ ಪಡೆಯಿರಿ, ಬದಲಿಗೆ ನಿಮ್ಮಲ್ಲಿರುವುದನ್ನು ಕೊಡಿ. ರೋಗವಿಲ್ಲದ ಗಿಡವನ್ನು ಮೊದಲೇ ಗುರುತಿಸಿ ದಾರ ಕಟ್ಟಿ. ಅದರ ನಡುಗಾಲದ ಕಾಯಿಯನ್ನು ಬಲಿಯಲು ಬಿಡಿ. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ಗಾಳಿಯಾಡದ ಡಬ್ಬದಲ್ಲಿಡಿ. ಹೈಬ್ರಿಡ್ ಗಿಡದ ಬೀಜ ಎತ್ತಿಡಬೇಡಿ. ಮರುವರ್ಷ ತಾಯಿಯಂತೆ ಬರುವುದಿಲ್ಲ.

8. ಕೆಲಸ ಯಾರದು?

ಹಿತ್ತಿಲ ಕೆಲಸವೆಂದರೆ ಹೆಂಗಸರ ಕೆಲಸ ಎಂದು ಬಿಡುವುದು ನ್ಯಾಯವಲ್ಲ. ಬೆಳಗ್ಗೆ ಹಟ್ಟಿ, ಮಧ್ಯಾಹ್ನ ಅಡುಗೆ, ಸಂಜೆ ಬೀಡಿ ಕಟ್ಟುವುದು ಅಥವಾ ಕೂಲಿ, ಇದರ ಮೇಲೆ ನೀರು ಹೊರುವುದೂ ಅವರ ತಲೆಗೇ ಬಂದರೆ ತೋಟ ಎರಡನೆಯ ವರ್ಷ ನಿಲ್ಲುವುದಿಲ್ಲ. ಏರಿ ಮಾಡುವುದು, ಚಪ್ಪರ ಹಾಕುವುದು, ಗೊಬ್ಬರ ಮಗುಚುವುದು ಗಂಡಸರಿಗೆ ಸೇರಲಿ; ಹುಳ ಹೆಕ್ಕುವುದು, ಕಾಗದದ ಚೀಲ ಕಟ್ಟುವುದು ಮಕ್ಕಳಿಗೆ ಪಾಠವಾಗಲಿ. ಇಡೀ ಮನೆ ದಿನಕ್ಕೆ ಮುಕ್ಕಾಲು ಗಂಟೆ ಕೊಟ್ಟರೆ ಐದು ಸೆಂಟ್ಸ್ ತೋಟ ನಡೆಯುತ್ತದೆ. ಹೆಚ್ಚಾದ ಕಾಯಿಯನ್ನು ಸ್ವಸಹಾಯ ಸಂಘದ ಮೂಲಕ ಮಾರಿದರೆ ಆ ಹಣ ಬೆಳೆದವರ ಕೈಯಲ್ಲೇ ಉಳಿಯಲಿ.

ನೆನಪಿಡಬೇಕಾದುವು

(1) ಮೊದಲು ಸುಣ್ಣ, 15 ದಿನ ಬಿಟ್ಟು ಗೊಬ್ಬರ.
(2) ಸೆಂಟ್ಸಿಗೆ 100 ಕಿಲೊ ಕಳಿತ ಗೊಬ್ಬರ. ಹಸಿ ಸಗಣಿ ಬೇಡ.
(3) ಗೊಬ್ಬರದ ರಾಶಿಗೆ ಮಾಡು ಇರಲಿ, ತರಗೆಲೆ ಸುಡಬೇಡಿ.
(4) ಮಳೆಗಾಲಕ್ಕೆ ಏರಿ, ಬೇಸಿಗೆಗೆ ತಗ್ಗು ಪಾತಿ ಮತ್ತು ಮುಚ್ಚಿಗೆ.
(5) ಒಂದೇ ಜಾಗದಲ್ಲಿ ಒಂದೇ ಜಾತಿಯ ಬೆಳೆಯನ್ನು ಮತ್ತೆ ಮತ್ತೆ ಬೆಳೆಯಬೇಡಿ.
(6) ಪ್ರತಿ ಬೆಳೆಯಿಂದಲೂ ಬೀಜ ಎತ್ತಿಡಿ, ನೆರೆಮನೆಗೂ ಕೊಡಿ.

ಐದು ಸೆಂಟ್ಸ್ ಒಮ್ಮೆಲೇ ಮಾಡಲು ಹೊರಡಬೇಡಿ. ಈ ವರ್ಷ ಒಂದು ಗೊಬ್ಬರದ ರಾಶಿ, ಒಂದು ಬಸಳೆ ಚಪ್ಪರ, ಎರಡು ಪಾತಿ ಹರಿವೆ ಮತ್ತು ಒಂದು ಸಾಲು ಬೆಂಡೆಯಿಂದ ಪ್ರಾರಂಭಿಸಿ. ಬಂದ ಕಾಯಿ, ಸೊಪ್ಪುಗಳನ್ನು ತೂಗಿ ಮಕ್ಕಳ ಹಳೆಯ ಪುಸ್ತಕದಲ್ಲಿ ಬರೆದಿಡಿ. ವರ್ಷದ ಕೊನೆಗೆ ಆ ಲೆಕ್ಕವನ್ನು ಮನೆಯವರೆಲ್ಲ ಕುಳಿತು ನೋಡಿ, ಮುಂದಿನ ವರ್ಷ ಎಷ್ಟು ಸೆಂಟ್ಸಿಗೆ ಹೆಚ್ಚಿಸಬೇಕೆಂದು ನಿಶ್ಚಯಿಸಿ.